ಕೀಟನಾಶಕಗಳೂ ಹಕ್ಕಿಗಳೂ: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆ

ಬೆಳೆಗೆ ಬೀಳುವ ಹುಳುಗಳನ್ನು ಕೊಲ್ಲಲು ಬಳಸುವ ರಾಸಾಯನಿಕಗಳು ಹಕ್ಕಿಗಳಿಗೆ ಮೂರು ಬಗೆಯಲ್ಲಿ ಕೇಡು ಮಾಡುತ್ತವೆ. ವಿಷ ಹತ್ತಿದ ಕಾಳನ್ನೋ ಹುಳುವನ್ನೋ ತಿಂದು ಹಕ್ಕಿ ಅಲ್ಲೇ ಸಾಯುವುದು ಒಂದು. ಸಾಯುವಷ್ಟಲ್ಲದ ವಿಷ ದಿನವೂ ಸ್ವಲ್ಪ ಸ್ವಲ್ಪವೇ ಒಳಸೇರಿ ಮೊಟ್ಟೆ, ಮರಿ, ಹಾರಾಟ, ರೋಗ ತಡೆಯುವ ಶಕ್ತಿ ಕೆಡುವುದು ಇನ್ನೊಂದು. ಹಕ್ಕಿಯ ಮೈಗೆ ವಿಷ ಸೋಕದಿದ್ದರೂ ಅದು ನಂಬಿದ ಹುಳು, ಕಪ್ಪೆ, ಮೀನು ಇಲ್ಲವಾಗಿ ಗೂಡಿನ ಮರಿಗಳು ಹಸಿದು ಸಾಯುವುದು ಮೂರನೆಯದು. ಮೊದಲನೆಯದು ಕಣ್ಣಿಗೆ ಬೀಳುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಉಳಿದೆರಡರಲ್ಲಿ ಹೆಣ ಸಿಗುವುದೇ ಅಪರೂಪ, ಆದ್ದರಿಂದ ಲೆಕ್ಕಕ್ಕೂ ಸಿಗುವುದಿಲ್ಲ. ಮಂಡ್ಯ ಜಿಲ್ಲೆಯಂಥ ನೀರಾವರಿ ಸೀಮೆಯಲ್ಲಿ ಹೆಚ್ಚು ಚಿಂತಿಸಬೇಕಾದದ್ದು ಈ ಎರಡರ ಬಗ್ಗೆ.

ಈ ಜಿಲ್ಲೆಯನ್ನು ಆರಿಸಿಕೊಂಡು ವಿಷಯವನ್ನು ನೋಡಲು ಕಾರಣವಿದೆ. ಭತ್ತ, ಕಬ್ಬು, ಹಿಪ್ಪುನೇರಳೆ, ತೆಂಗು ಒತ್ತಾಗಿ ಬೆಳೆಯುವ ಈ ನೆಲದಲ್ಲೇ ನಾಡಿನ ಎರಡು ಹೆಸರಾಂತ ಹಕ್ಕಿತಾಣಗಳಿವೆ. ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು 1940ರಲ್ಲಿ, ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಆಲ, ಅರಳಿ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಈ ಊರಿನ ಹಕ್ಕಿಗಳನ್ನು ಹೊರಜಗತ್ತಿಗೆ ಪರಿಚಯಿಸಿದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳೆಂದೇ ಊರಿನವರು ಈ ಹಕ್ಕಿಗಳನ್ನು ಕಾಣುತ್ತ ಬಂದಿದ್ದಾರೆ. ಮರದ ಕೆಳಗೆ ಗುಂಡಿ ತೋಡಿ, ಹಿಕ್ಕೆ ಬೀಳಿಸಿಕೊಂಡು, ಕೆರೆಗೋಡು ಸೇರಿಸಿ ಗೊಬ್ಬರ ಮಾಡುವ ಪದ್ಧತಿಯೂ ಇಲ್ಲಿತ್ತು. ಊರು ಹಕ್ಕಿಗಳನ್ನು ಇಷ್ಟು ಮುಚ್ಚಟೆಯಿಂದ ನೋಡಿಕೊಂಡರೂ ಅವು ಮೇಯುವ ಜಾಗ ಊರಿನ ಕೈಯಲ್ಲಿಲ್ಲ. ಮದ್ದೂರು ಕೆರೆ, ತೈಲೂರು ಕೆರೆ, ಸೂಳೆಕೆರೆ, ಶಿಂಷಾ ನದಿಯ ಮಡುಗಳು, ಅದಕ್ಕೂ ಆಚೆಯ ಕೆರೆಗಳವರೆಗೆ ಅವು ಮೀನಿಗಾಗಿ ಹಾರುತ್ತವೆ. ಆ ನೀರಿಗೆ ಏನು ಬೆರೆಯುತ್ತದೆ ಎನ್ನುವುದರ ಮೇಲೆ ಬೆಳ್ಳೂರಿನ ಮರಗಳಲ್ಲಿ ಮರಿ ಉಳಿಯುವುದು ನಿಂತಿದೆ.

ನೀರಿನ ದಾರಿ

ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ, ಆಗಿನ ಇರ್ವಿನ್ ನಾಲೆ, 1930ರ ದಶಕದಲ್ಲಿ ಈ ಸೀಮೆಯ ಬೇಸಾಯವನ್ನೇ ಬದಲಿಸಿತು. ರಾಗಿ, ಜೋಳ, ಹುರುಳಿಯ ಹೊಲಗಳು ಗದ್ದೆಗಳಾದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ದುಡಿದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಮೂಲತಃ ಕೀಟ ಮತ್ತು ಶಿಲೀಂಧ್ರಗಳ ವಿಜ್ಞಾನಿ. ಒಂದೇ ಬೆಳೆ ವರ್ಷಾವಧಿ ಸಾಲುಸಾಲಾಗಿ ನಿಂತ ಕಡೆ ಅದನ್ನೇ ನಂಬಿದ ಹುಳುವೂ ನಿಲ್ಲುತ್ತದೆ. ಭತ್ತಕ್ಕೆ ಕಾಂಡಕೊರಕ, ಎಲೆ ಸುರುಳಿ ಹುಳು, ಕಂದು ಜಿಗಿಹುಳು. ಕಬ್ಬಿಗೆ ಸುಳಿಕೊರಕ, ಗೊಣ್ಣೆಹುಳು, ಗೆದ್ದಲು. ಹುಳುವಿನ ಹಿಂದೆ ಔಷಧಿ ಅಂಗಡಿಗಳು ಬಂದವು.

ಗದ್ದೆಗೆ ಹೊಡೆದ ಔಷಧಿ ಗದ್ದೆಯಲ್ಲೇ ಉಳಿಯುವುದಿಲ್ಲ. ಮೇಲಿನ ಗದ್ದೆಯ ನೀರು ಬದು ಒಡೆದು ಕೆಳಗಿನ ಗದ್ದೆಗೆ, ಅಲ್ಲಿಂದ ಬಸಿಗಾಲುವೆಗೆ, ಹಳ್ಳಕ್ಕೆ, ಕೆರೆಗೆ ಇಳಿಯುತ್ತದೆ. ಮದ್ದೂರು, ಮಳವಳ್ಳಿ ತಾಲ್ಲೂಕುಗಳು ನಾಲೆಯ ಕೊನೆಭಾಗದಲ್ಲಿವೆ. ಮೇಲಿನವರು ಬಿಟ್ಟ ನೀರೇ ಎಷ್ಟೋ ಕಡೆ ಇಲ್ಲಿನ ಕೆರೆಗಳಿಗೆ ಆಸರೆ. ಆ ನೀರೆಲ್ಲ ಕಡೆಗೆ ಶಿಂಷೆಯ ಪಾಲಾಗಿ, ಮಳವಳ್ಳಿ ತಾಲ್ಲೂಕನ್ನು ದಾಟಿ ಕಾವೇರಿಗೆ ಸೇರುತ್ತದೆ. ಸಿಂಪಡಣೆ ಮುಗಿದ ಮೇಲೆ ಬೆನ್ನಿಗೆ ಕಟ್ಟುವ ಪಂಪನ್ನು ಕಾಲುವೆಯಲ್ಲೇ ಜಾಲಾಡುವುದು, ಖಾಲಿ ಬಾಟಲಿಯನ್ನು ಬದುವಿನ ಮೇಲೆ ಎಸೆಯುವುದು ಎಲ್ಲ ಕಡೆ ಕಾಣುವ ನೋಟ. ಎಲೆಯ ಮೇಲೆ ಬಿದ್ದ ಔಷಧಿಯನ್ನು ಬಿಸಿಲು ಒಂದಿಷ್ಟು ಒಡೆಯುತ್ತದೆ. ಹೀಗೆ ನೇರವಾಗಿ ನೀರಿಗೆ ಬಿದ್ದದ್ದಕ್ಕೆ ಅಷ್ಟು ಹೊತ್ತೂ ಸಿಗುವುದಿಲ್ಲ. ಬಸಿಗಾಲುವೆಯ ಸಣ್ಣ ಮೀನು, ಕಪ್ಪೆಮರಿ, ಏಡಿಗಳಿಗೆ ಅದು ಪೂರ್ತಿ ಬಲದಲ್ಲೇ ತಾಗುತ್ತದೆ. ಆ ಕಾಲುವೆಯ ಅಂಚಿನಲ್ಲಿ ಕೊಳಬಕ, ಮಿಂಚುಳ್ಳಿ, ಬೆಳ್ಳಕ್ಕಿಗಳು ಕಾದು ಕೂತಿರುತ್ತವೆ.

ಕಾಲಮಾನವೂ ಹಕ್ಕಿಗಳಿಗೆ ಅನುಕೂಲವಾಗಿಲ್ಲ. ಆಷಾಢ-ಶ್ರಾವಣದಲ್ಲಿ ನಾಲೆಗೆ ನೀರು ಬಿಟ್ಟು ನಾಟಿಯಾದ ಭತ್ತಕ್ಕೆ ಅಕ್ಟೋಬರ್-ನವೆಂಬರ್ ಹೊತ್ತಿಗೆ ಜಿಗಿಹುಳುವಿನ ಕಾಟ ಏರುತ್ತದೆ, ಸಿಂಪಡಣೆಯೂ ಏರುತ್ತದೆ. ಬೆಳ್ಳೂರಿಗೆ ಹೆಜ್ಜಾರ್ಲೆಗಳು ಬಂದು ಗೂಡಿಗೆ ಕಡ್ಡಿ ಕೂಡಿಸುವುದು ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಬೇಸಿಗೆ ಬೆಳೆಗೆ ನೀರು ಸಿಕ್ಕ ವರ್ಷ ಎರಡನೆಯ ಸುತ್ತಿನ ಔಷಧಿ ಬೀಳುವಾಗ ಗೂಡುಗಳಲ್ಲಿ ಮರಿಗಳಿರುತ್ತವೆ. ತಾಯಿಯ ಕೊಕ್ಕಿನ ಚೀಲದೊಳಕ್ಕೆ ಮರಿ ಕತ್ತಿನವರೆಗೂ ತಲೆ ತೂರಿಸಿ ಅರ್ಧ ಅರಗಿದ ಮೀನನ್ನು ಕಕ್ಕಿಸಿಕೊಂಡು ತಿನ್ನುತ್ತದೆ. ದೊಡ್ಡ ಹಕ್ಕಿ ತಾಳಿಕೊಳ್ಳುವ ವಿಷದ ಪ್ರಮಾಣವನ್ನು ಕೆಲವೇ ದಿನಗಳ ಆ ಮರಿ ತಾಳಿಕೊಳ್ಳಲಾರದು.

ಮೈಯಲ್ಲಿ ಉಳಿಯುವ ವಿಷಗಳು

ಡಿಡಿಟಿ, ಬಿಎಚ್‌ಸಿ, ಆಲ್ಡ್ರಿನ್, ಎಂಡೋಸಲ್ಫಾನ್ ಮೊದಲಾದವು ಆರ್ಗನೊಕ್ಲೋರಿನ್ ಗುಂಪಿನವು. ಡಿಡಿಟಿ ಈ ಸೀಮೆಗೆ ಎರಡು ಬಾಗಿಲಿನಿಂದ ಬಂತು. ನಾಲೆಯ ನೀರಿನೊಂದಿಗೆ ಮಲೇರಿಯಾ ಕಾಡಿದ ಊರುಗಳಿವು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದ ಮೇಲೆ ಮನೆಗೋಡೆಗಳಿಗೆ ಅದನ್ನು ಸಿಂಪಡಿಸಲಾಯಿತು. ಬೇಸಾಯದ ಬಳಕೆ ಇನ್ನೊಂದು ಬಾಗಿಲು. ಕೃಷಿಯಲ್ಲಿ ಡಿಡಿಟಿ ಬಳಕೆ 1989ರಲ್ಲಿ ನಿಂತಿತು, ಆಲ್ಡ್ರಿನ್ 1996ರಲ್ಲಿ, ಬಿಎಚ್‌ಸಿ 1997ರಲ್ಲಿ ನಿಷೇಧವಾದವು. ಇವು ನೀರಿನಲ್ಲಿ ಕರಗುವುದು ಅತಿ ಕಡಿಮೆ, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಆದ್ದರಿಂದ ಪಾಚಿಯಿಂದ ಸಣ್ಣ ಜೀವಿಗೆ, ಅದರಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ದಾಟುತ್ತ ಪ್ರತಿ ಮೆಟ್ಟಿಲಲ್ಲೂ ಸಾಂದ್ರವಾಗುತ್ತ ಹೋಗುತ್ತವೆ. ಅಮೆರಿಕದ ಕ್ಲಿಯರ್ ಲೇಕ್ ಎಂಬ ಸರೋವರದಲ್ಲಿ 1949ರಿಂದ ಮೂರು ಬಾರಿ ನುಸಿ ಕೊಲ್ಲಲು ಡಿಡಿಟಿಗೆ ಹತ್ತಿರದ ನಂಟಿನ ಡಿಡಿಡಿಯನ್ನು ಬೆರೆಸಿದಾಗ ನೀರಿನಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ 0.02 ಭಾಗ ಮಾತ್ರ. ಸತ್ತ ಗುಳುಮುಳುಕ ಹಕ್ಕಿಗಳ ಕೊಬ್ಬಿನಲ್ಲಿ ಅದು 1,600 ಭಾಗ ಮುಟ್ಟಿತ್ತು.

ಹೆಜ್ಜಾರ್ಲೆಯ ಕುಲಕ್ಕೇ ಸಂಬಂಧಿಸಿದ ಉದಾಹರಣೆ ಇನ್ನೂ ಕಠೋರ. ಡಿಡಿಟಿ ಮೈಯೊಳಗೆ ಒಡೆದು ಡಿಡಿಇ ಆಗುತ್ತದೆ. ಡಿಡಿಇಯು ಮೊಟ್ಟೆಯ ಚಿಪ್ಪು ಕಟ್ಟುವ ಗ್ರಂಥಿಗೆ ಸುಣ್ಣದಂಶ ಸಾಗದಂತೆ ತಡೆಯುತ್ತದೆ. ಚಿಪ್ಪು ತೆಳುವಾಗುತ್ತದೆ, ಕಾವಿಗೆ ಕೂತ ಹಕ್ಕಿಯ ಭಾರಕ್ಕೇ ಮೊಟ್ಟೆ ಒಡೆಯುತ್ತದೆ. ಕ್ಯಾಲಿಫೋರ್ನಿಯದ ಅನಕಾಪ ದ್ವೀಪದಲ್ಲಿ 1970ರಲ್ಲಿ ಕಂದು ಹೆಜ್ಜಾರ್ಲೆಗಳ 552 ಗೂಡುಗಳಿಂದ ಉಳಿದು ಬಂದದ್ದು ಒಂದೇ ಮರಿ. ಅದಕ್ಕೆ ದೊಡ್ಡ ಹಕ್ಕಿಗಳು ವಿಷದಿಂದ ಒದ್ದಾಡಿ ಸಾಯಬೇಕಾಗಿರಲಿಲ್ಲ. ಆಕಾಶದಲ್ಲಿ ಹಕ್ಕಿಗಳಿದ್ದವು, ಗೂಡಿನಲ್ಲಿ ಮರಿ ಇರಲಿಲ್ಲ. ರೇಚಲ್ ಕಾರ್ಸನ್ 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಬರೆದು ಎಚ್ಚರಿಸಿದ ಹತ್ತು ವರ್ಷದ ಬಳಿಕ, 1972ರಲ್ಲಿ, ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. ಆ ಮೇಲೆ ಕಂದು ಹೆಜ್ಜಾರ್ಲೆಗಳು ಮೆಲ್ಲಗೆ ಚೇತರಿಸಿಕೊಂಡವು.

ಭಾರತದಲ್ಲಿ ಈ ಗುಂಪಿನ ವಿಷದಿಂದಾದ ಹಕ್ಕಿಗಳ ಸಾವಿನ ಸ್ಪಷ್ಟ ದಾಖಲೆ ರಾಜಸ್ಥಾನದ ಭರತಪುರದ್ದು. 1980ರ ದಶಕದ ಕೊನೆಯಲ್ಲಿ ಕೇವಲಾದೇವ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಹೊಲಗಳಲ್ಲಿ ಬಿತ್ತನೆಯ ಕಾಲದಲ್ಲಿ ಬಳಸಿದ ಆಲ್ಡ್ರಿನ್‌ನಿಂದ ಸಾರಸ್ ಕೊಕ್ಕರೆಗಳೂ ಕಾಳು ತಿನ್ನುವ ಪಾರಿವಾಳದ ಜಾತಿಯ ಹಕ್ಕಿಗಳೂ ಸತ್ತವು. ವಿಜ್ಞಾನಿ ಎಸ್. ಮುರಳೀಧರನ್ ಅದನ್ನು ಪರೀಕ್ಷೆಯಿಂದ ಸಾಬೀತುಪಡಿಸಿದರು. ಮುಂದೆ ಅವರು ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದಲ್ಲಿ ಈ ಅಧ್ಯಯನವನ್ನು ಬೆಳೆಸಿದರು. ಆ ಕೇಂದ್ರದ ವಿಜ್ಞಾನಿಗಳು ಕರ್ನಾಟಕದ ಒಳನಾಡಿನ ಕೆರೆಗಳ ಮೀನುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಆರ್ಗನೊಕ್ಲೋರಿನ್ ಶೇಷವಿರುವುದನ್ನು 2010ರಲ್ಲಿ ಪ್ರಕಟಿಸಿದರು. ನಿಷೇಧವಾಗಿ ಹತ್ತಾರು ವರ್ಷವಾದರೂ ಕೆರೆಯ ಕೆಸರು ಇವನ್ನು ಬಿಟ್ಟುಕೊಟ್ಟಿಲ್ಲ. ನಾವು ತಿನ್ನುವ ಮೀನೂ ಹೆಜ್ಜಾರ್ಲೆ ತಿನ್ನುವ ಮೀನೂ ಒಂದೇ ಕೆರೆಯದು.

ಎಂಡೋಸಲ್ಫಾನ್ ವಿಚಾರ ಕನ್ನಡಿಗರಿಗೆ ಹೊಸದಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದದ್ದು, ಪತ್ರಕರ್ತ ಶ್ರೀಪಡ್ರೆ ಅಂಗವಿಕಲ ಕರುಗಳನ್ನು ಕಂಡು ಮೊದಲೇ ಎಚ್ಚರಿಸಿದ್ದು, ದಕ್ಷಿಣ ಕನ್ನಡದ ಊರುಗಳೂ ನರಳಿದ್ದು, 2011ರಲ್ಲಿ ಕರ್ನಾಟಕ ಸರ್ಕಾರವೂ ಬಳಿಕ ಸುಪ್ರೀಂ ಕೋರ್ಟೂ ತಡೆಹಾಕಿದ್ದು ಎಲ್ಲರಿಗೂ ತಿಳಿದ ಸಂಗತಿ. ಮೀನಿಗೆ ಅದು ಅತ್ಯಂತ ಕ್ರೂರ ವಿಷ ಎಂಬುದಷ್ಟನ್ನು ಇಲ್ಲಿ ಸೇರಿಸಬೇಕು.

ನರಗಳಿಗೆ ತಾಗುವ ವಿಷಗಳು

ಹಳೆಯ ವಿಷಗಳ ಜಾಗಕ್ಕೆ ಬಂದವು ಆರ್ಗನೊಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪುಗಳು. ಇವು ಮೈಯಲ್ಲಿ ವರ್ಷಗಟ್ಟಲೆ ಉಳಿಯುವುದಿಲ್ಲ, ಬೇಗ ಒಡೆಯುತ್ತವೆ. ಈ ಗುಣಕ್ಕೇ ಇವನ್ನು ಸುರಕ್ಷಿತ ಎಂದು ಬರಮಾಡಿಕೊಳ್ಳಲಾಯಿತು. ಹಕ್ಕಿಗಳ ಮಟ್ಟಿಗೆ ಅದು ನಿಜವಾಗಲಿಲ್ಲ. ನರದಿಂದ ಸ್ನಾಯುವಿಗೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವನ್ನು ಕೆಲಸ ಮುಗಿದ ಕೂಡಲೇ ಒಡೆದುಹಾಕುವ ಒಂದು ಕಿಣ್ವವಿದೆ. ಈ ವಿಷಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಸುದ್ದಿ ನಿಲ್ಲದೆ ಹೋಗುತ್ತಲೇ ಇರುತ್ತದೆ. ಹಕ್ಕಿ ಜೊಲ್ಲು ಸುರಿಸುತ್ತದೆ, ರೆಕ್ಕೆ ಇಳಿಬಿಡುತ್ತದೆ, ನಡುಗುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ನಿಂತು ಸಾಯುತ್ತದೆ. ಈ ವಿಷಗಳನ್ನು ಮುರಿಯುವ ರಕ್ತದ ಕಿಣ್ವಗಳು ಸಸ್ತನಿಗಳಿಗಿಂತ ಹಕ್ಕಿಗಳಲ್ಲಿ ತೀರ ಕಡಿಮೆ. ಆದಕಾರಣ ಇಲಿ ತಡೆದುಕೊಳ್ಳುವ ಪ್ರಮಾಣಕ್ಕೆ ಹಕ್ಕಿ ಉರುಳುತ್ತದೆ.

ಕಾರ್ಬಮೇಟ್‌ಗಳಲ್ಲಿ ಹಕ್ಕಿಗಳಿಗೆ ಅತಿ ಅಪಾಯದ್ದು ಕಾರ್ಬೋಫ್ಯುರಾನ್. ರೈತರ ಬಾಯಲ್ಲಿ ಫ್ಯುರಡಾನ್. ಕೆಲವು ಜಾತಿಯ ಬಾತುಗಳಿಗೆ ದೇಹತೂಕದ ಪ್ರತಿ ಕಿಲೋಗೆ ಅರ್ಧ ಮಿಲಿಗ್ರಾಮಿಗಿಂತ ಕಡಿಮೆ ಸಾಕು. ಇದು ಹರಳಿನ ರೂಪದಲ್ಲಿ ಬರುತ್ತದೆ, ಭತ್ತದ ಒಟ್ಟಲಿಗೂ ಕಬ್ಬಿನ ಸಾಲಿಗೂ ಎರಚುತ್ತಾರೆ. ಒಟ್ಟಲು ಪಾತಿಯನ್ನು ಬೆಳಗಿನ ಹೊತ್ತು ಬಗ್ಗಿ ನೋಡಿದರೆ ಅಪಾಯ ಕಣ್ಣಿಗೇ ಕಾಣುತ್ತದೆ: ನುಣುಪಾದ ಕೆಸರಿನ ಮೇಲೆ ಮೊಳೆತ ಭತ್ತ, ಅದರ ನಡುನಡುವೆ ಮರಳಿನಂಥ ಬಣ್ಣದ ಹರಳು. ರಾಟವಾಳ, ಗುಬ್ಬಚ್ಚಿ, ಗೌಜಲಕ್ಕಿಗಳು ಕಾಳನ್ನು ಅರೆಯಲು ದಿನವೂ ಸಣ್ಣ ಕಲ್ಲು, ಮರಳುಗಳನ್ನು ನುಂಗುತ್ತವೆ. ಅವುಗಳ ಕಣ್ಣಿಗೆ ಆ ಹರಳು ಒಂದೋ ಕಾಳು, ಇಲ್ಲವೇ ಕಲ್ಲು. ಹರಳು ಸೋಕಿದ ಎರೆಹುಳುವನ್ನು ಗೊರವಂಕ ಎತ್ತಿಕೊಳ್ಳುತ್ತದೆ, ಗೊರವಂಕದ ಹೆಣವನ್ನು ಹದ್ದು. ಅಮೆರಿಕದ ಪರಿಸರ ಸಂಸ್ಥೆ ಈ ಹರಳುಗಳಿಂದ ಆ ದೇಶದಲ್ಲಿ ವರ್ಷಕ್ಕೆ 10 ರಿಂದ 20 ಲಕ್ಷ ಹಕ್ಕಿಗಳು ಸಾಯುತ್ತವೆಂದು ಅಂದಾಜಿಸಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಹರಳಿನ ರೂಪವನ್ನು ಬಹುಪಾಲು ನಿಲ್ಲಿಸಿತು.

ಭಾರತದಲ್ಲಿ ಆರ್ಗನೊಫಾಸ್ಫೇಟ್ ಗುಂಪಿನ ಫೋರೇಟ್, ಫಾಸ್ಫಾಮಿಡಾನ್, ಡೈಕ್ಲೋರ್‌ವಾಸ್, ಟ್ರೈಯಾಜೋಫಾಸ್‌ಗಳು 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ನಿಷೇಧವಾದವು. 2023ರ ಆದೇಶವು ಮಾನೋಕ್ರೋಟೊಫಾಸ್‌ನ 36% ದ್ರಾವಣವನ್ನು ನಿಲ್ಲಿಸಲು ಹೇಳಿತು. ಕಾರ್ಬೋಫ್ಯುರಾನ್‌ನ ಉಳಿದ ರೂಪಗಳನ್ನು ತೆಗೆದು 3% ಹರಳನ್ನು ಮಾತ್ರ ಉಳಿಸಿತು. ಹಕ್ಕಿಗಳ ಕಡೆಯಿಂದ ನೋಡಿದರೆ ತೆಗೆಯಬೇಕಾದದ್ದೇ ಉಳಿದುಕೊಂಡಿದೆ ಎನ್ನಬೇಕಾಗುತ್ತದೆ. ಮಾನೋಕ್ರೋಟೊಫಾಸ್ ಏನು ಮಾಡಬಲ್ಲದು ಎನ್ನುವುದನ್ನು ಜಗತ್ತು 1995–96ರಲ್ಲಿ ಅರ್ಜೆಂಟೀನಾದಲ್ಲಿ ಕಂಡಿತ್ತು. ಮಿಡತೆ ಕೊಲ್ಲಲು ಹೊಡೆದ ಹೊಲಗಳಲ್ಲಿ ಮಿಡತೆ ತಿನ್ನಲು ಇಳಿದ ಸ್ವೇನ್ಸನ್ ಗಿಡುಗಗಳು ಒಂದೇ ಋತುವಿನಲ್ಲಿ 5,000ಕ್ಕೂ ಹೆಚ್ಚು ಸತ್ತುಬಿದ್ದಿದ್ದವು. ಎಣಿಕೆಗೆ ಸಿಗದ್ದು ಅದರ ಹಲವು ಪಟ್ಟು ಎಂದು ಅಂದಾಜು. ಆ ಗಿಡುಗಗಳು ರೈತನ ಕೆಲಸವನ್ನೇ ಮಾಡಲು ಬಂದಿದ್ದವು.

ಬೀಜಕ್ಕೆ ಬಳಿದು ಬರುವ ವಿಷ

ಈಗಿನ ತಲೆಮಾರಿನ ಔಷಧಿಗಳಲ್ಲಿ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಮುಂತಾದ ನಿಯೋನಿಕೋಟಿನಾಯ್ಡ್‌ಗಳು ಮುಖ್ಯ. ಬೀಜೋಪಚಾರಕ್ಕೂ ಜಿಗಿಹುಳು, ಬಿಳಿನೊಣಗಳಿಗೆ ಸಿಂಪಡಿಸಲೂ ಬಳಕೆಯಾಗುತ್ತವೆ. ಗುಬ್ಬಚ್ಚಿಗೆ ಇಮಿಡಾಕ್ಲೋಪ್ರಿಡ್‌ನ ಮಾರಕ ಪ್ರಮಾಣ ಕಿಲೋಗೆ ಸುಮಾರು 41 ಮಿಲಿಗ್ರಾಂ. ಗುಬ್ಬಚ್ಚಿಯ ತೂಕವೇ 25 ಗ್ರಾಂ ಆದ್ದರಿಂದ ಒಂದು ಮಿಲಿಗ್ರಾಂ ಅದಕ್ಕೆ ಸಾವು. ಉಪಚರಿಸಿದ ಮುಸುಕಿನ ಜೋಳದ ಒಂದೆರಡು ಕಾಳಿನಲ್ಲಿ ಅಷ್ಟು ಇರಬಲ್ಲದು. ಸಾಯದಷ್ಟು ತಿಂದ ಹಕ್ಕಿಗೂ ತೊಂದರೆ ತಪ್ಪಿದ್ದಲ್ಲ: ಕೆನಡಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅತಿ ಕಡಿಮೆ ಇಮಿಡಾಕ್ಲೋಪ್ರಿಡ್ ತಿಂದ ವಲಸೆ ಗುಬ್ಬಿಗಳು ಮೇವು ಬಿಟ್ಟು, ತೂಕ ಕಳೆದುಕೊಂಡು, ವಲಸೆಯನ್ನೇ ತಡಮಾಡಿದವು.

ಭತ್ತದ ಸೀಮೆಯವರು ಗಮನಿಸಬೇಕಾದದ್ದು ಜಪಾನಿನ ಶಿಂಜಿ ಸರೋವರದ ಅಧ್ಯಯನ. 1993ರಿಂದ ಸುತ್ತಲಿನ ಗದ್ದೆಗಳಲ್ಲಿ ನಿಯೋನಿಕೋಟಿನಾಯ್ಡ್ ಬಳಕೆ ಶುರುವಾದ ಮೇಲೆ ನೀರಿನ ಪುಟ್ಟ ಪ್ರಾಣಿಜೀವಿಗಳು ಕುಸಿದವು, ಅವನ್ನು ತಿನ್ನುವ ಸ್ಮೆಲ್ಟ್ ಮೀನಿನ ವಾರ್ಷಿಕ ಹಿಡಿತ 240 ಟನ್ನಿನಿಂದ 22 ಟನ್ನಿಗೆ ಇಳಿಯಿತು. ಮೀನಿಗೆ ನೇರವಾಗಿ ವಿಷ ತಾಗಲಿಲ್ಲ. ಅದರ ಊಟ ಹೋಯಿತು. ನೆದರ್ಲೆಂಡಿನಲ್ಲಿ 2014ರಲ್ಲಿ ಕಂಡದ್ದೂ ಇದೇ: ನೀರಿನಲ್ಲಿ ಇಮಿಡಾಕ್ಲೋಪ್ರಿಡ್ ಹೆಚ್ಚಿದ್ದ ಕಡೆ ಹುಳು ತಿನ್ನುವ ಹಕ್ಕಿಗಳು ವರ್ಷಕ್ಕೆ ಸರಾಸರಿ 3.5% ಕಡಿಮೆಯಾಗುತ್ತಿದ್ದವು. ಐರೋಪ್ಯ ಒಕ್ಕೂಟ 2018ರಲ್ಲಿ ಮೂರು ನಿಯೋನಿಕೋಟಿನಾಯ್ಡ್‌ಗಳನ್ನು ಬಯಲಿನಲ್ಲಿ ಬಳಸದಂತೆ ತಡೆದದ್ದು ಮುಖ್ಯವಾಗಿ ಜೇನ್ನೊಣಗಳಿಗಾಗಿ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳ ಕಥೆಯೂ ಸುಮಾರಾಗಿ ಹೀಗೆಯೇ. ಹಕ್ಕಿಗೆ ಸೌಮ್ಯ, ಮೀನಿಗೆ ಮಾರಕ.

ಬಾಟಲಿಯ ಮೇಲಿನ ತ್ರಿಕೋನ

ಕೀಟನಾಶಕ ಕಾಯ್ದೆ (1968) ಮತ್ತು ಅದರ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೂ ಬಣ್ಣದ ತ್ರಿಕೋನದ ಗುರುತು ಇರಬೇಕು. ಕೆಂಪು ಎಂದರೆ ಕಡುವಿಷ, ಬಾಯಿಯ ಮೂಲಕ ಕಿಲೋಗೆ 1–50 ಮಿಲಿಗ್ರಾಮಿಗೆ ಸಾವು, ಹಳದಿ 51–500, ನೀಲಿ 501–5,000, ಹಸಿರು ಅದಕ್ಕೂ ಮೇಲೆ. ರೈತರಲ್ಲಿ ಈ ಗುರುತನ್ನು ನೋಡಿ ಕೊಳ್ಳುವವರಿದ್ದಾರೆ, ಅದು ಒಳ್ಳೆಯದೇ. ಆದರೆ ಈ ಅಳತೆ ಪ್ರಯೋಗಶಾಲೆಯ ಇಲಿಯಂಥ ಸಸ್ತನಿಗಳದ್ದು, ಸಿಂಪಡಿಸುವ ಮನುಷ್ಯನ ರಕ್ಷಣೆಗೆ ಮಾಡಿದ್ದು. ಹಕ್ಕಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಭತ್ತ ಮತ್ತು ಕಬ್ಬಿನ ಕೊರಕಗಳಿಗೆ ಬಳಸುವ ಫಿಪ್ರೋನಿಲ್ ಇದಕ್ಕೆ ತಕ್ಕ ನಿದರ್ಶನ. ಇಲಿಗೆ ಅದರ ಮಾರಕ ಪ್ರಮಾಣ ಕಿಲೋಗೆ ಸುಮಾರು 97 ಮಿಲಿಗ್ರಾಂ. ಬಾತುಕೋಳಿ 2,000 ಮಿಲಿಗ್ರಾಂ ದಾಟಿದರೂ ತಡೆಯುತ್ತದೆ. ಅಮೆರಿಕದ ಬಾಬ್‌ವೈಟ್ ಎಂಬ ಪುರಲೆಯಂಥ ಹಕ್ಕಿಗೆ ಸುಮಾರು 11 ಸಾಕು. ಕೋಳಿಯ ಬಳಗಕ್ಕೆ ಸೇರಿದ ಹಕ್ಕಿಗಳಿಗೆ ಇದು ವಿಶೇಷ ಅಪಾಯಕಾರಿ. ನಮ್ಮ ನವಿಲು, ಗೌಜಲಕ್ಕಿ, ಪುರಲೆಗಳು ಅದೇ ಬಳಗದವು. ನೋಂದಣಿಗೆ ಮುಂಚೆ ಹಕ್ಕಿಗಳ ಮೇಲಿನ ಪರೀಕ್ಷೆಯ ಫಲಿತಾಂಶವನ್ನು ಕಂಪನಿಗಳು ಸಲ್ಲಿಸುತ್ತವೆ. ಆ ಫಲಿತಾಂಶವನ್ನು ಒಂದು ಹಕ್ಕಿಯ ಚಿತ್ರವಾಗಿ, ಕನ್ನಡದ ಒಂದು ಸಾಲಾಗಿ ಡಬ್ಬಿಯ ಮೇಲೆ ಅಚ್ಚು ಹಾಕುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಸಾವಿನ ಕಾರಣ ಹುಡುಕುವುದು

2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಮರದಿಂದ ಉದುರಿ ಸತ್ತವು. ಕೆರೆಯ ನೀರಿಗೆ ವಿಷ ಬೆರೆತಿದೆ, ಹಕ್ಕಿಜ್ವರ ಬಂದಿದೆ ಎಂದೆಲ್ಲ ಮಾತಾಯಿತು. ಶವಪರೀಕ್ಷೆಯಲ್ಲಿ ಕಂಡದ್ದು ಹೊಟ್ಟೆ ತುಂಬ ಜಂತುಹುಳು. ಮೀನಿನ ಮೂಲಕ ಹಕ್ಕಿಗೆ ದಾಟುವ ಹುಳು. ಸತ್ತ ಪ್ರತಿ ಹಕ್ಕಿಗೂ ಔಷಧಿಯೇ ಕಾರಣ ಎಂದು ರೈತರ ಮೇಲೆ ಬೆರಳು ತೋರುವುದು ತಪ್ಪು ಎಂದು ಈ ಘಟನೆ ಹೇಳುತ್ತದೆ. ಪರೀಕ್ಷೆ ಮಾಡದೆ ಹೂತ ಹಕ್ಕಿಯ ವಿಷಯದಲ್ಲಿ ಔಷಧಿಯೇ ಕಾರಣವಲ್ಲ ಎನ್ನಲೂ ಬರುವುದಿಲ್ಲ.

ವಿಷದ ಸಾವಿಗೆ ಕೆಲವು ಗುರುತುಗಳಿವೆ. ಮೇವಿನ ಜಾಗದ ಹತ್ತಿರವೇ ಹಲವು ಹಕ್ಕಿಗಳು ಒಟ್ಟಿಗೆ ಬಿದ್ದಿರುತ್ತವೆ, ಬೇರೆ ಬೇರೆ ಜಾತಿಯವೂ ಇರಬಹುದು. ಮೈ ತುಂಬಿಕೊಂಡಿರುತ್ತದೆ, ರೋಗದಿಂದ ಸೊರಗಿದ ಹಕ್ಕಿಯಂತೆ ಎದೆಮೂಳೆ ಎದ್ದು ಕಾಣುವುದಿಲ್ಲ. ಕಾಲ್ಬೆರಳು ಮುದುರಿಕೊಂಡಿರುತ್ತವೆ, ಬಾಯಲ್ಲೋ ಮೇವಿನ ಚೀಲದಲ್ಲೋ ಅರಗದ ಕಾಳು ಸಿಗುತ್ತದೆ. ಆರ್ಗನೊಫಾಸ್ಫೇಟ್, ಕಾರ್ಬಮೇಟ್‌ಗಳ ಪಾತ್ರವನ್ನು ಖಚಿತಪಡಿಸಲು ಪ್ರಯೋಗಾಲಯದಲ್ಲಿ ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ಅಳೆಯುತ್ತಾರೆ. ಅದು ಮಾಮೂಲು ಮಟ್ಟದ ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಸಾವಿಗೆ ವಿಷವೇ ಕಾರಣ ಎಂದು ಒಪ್ಪುತ್ತಾರೆ. ಬಿಸಿಲಲ್ಲಿ ಕೊಳೆತ ಹೆಣದಲ್ಲಿ ಇದನ್ನು ಅಳೆಯಲಾಗದು. ಮಂಜುಗಡ್ಡೆಯಲ್ಲಿಟ್ಟು ಬೇಗ ಕಳಿಸುವುದೊಂದೇ ದಾರಿ.

ಬೆಳ್ಳೂರಿಗೆ ಈ ಕೆಲಸದಲ್ಲಿ ಒಂದು ಅನುಕೂಲವಿದೆ. 1994ರಿಂದ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ತಂಡವೂ ಊರಿನ ಹೆಜ್ಜಾರ್ಲೆ ಬಳಗವೂ ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುತ್ತ ಬಂದಿವೆ. ಮರಿಯಾಗದೆ ಉಳಿದ ಮೊಟ್ಟೆ, ಬಿದ್ದು ಸತ್ತ ಮರಿ, ಒಡೆದ ಚಿಪ್ಪು ಇವೆಲ್ಲ ಬದುಕಿರುವ ಒಂದು ಹಕ್ಕಿಗೂ ತೊಂದರೆ ಕೊಡದೆ ಸಿಗುವ ಮಾದರಿಗಳು. ಪ್ರತಿ ವರ್ಷ ಒಂದಷ್ಟು ಚಿಪ್ಪಿನ ದಪ್ಪ ಅಳೆದು, ಒಂದಷ್ಟು ಮೊಟ್ಟೆಯ ಶೇಷ ಪರೀಕ್ಷಿಸಿ ಬರೆದಿಟ್ಟರೆ ಶಿಂಷೆಯ ನೀರಿನ ಆರೋಗ್ಯಕ್ಕೆ ಅದಕ್ಕಿಂತ ನಂಬಿಕೆಯ ದಾಖಲೆ ಬೇಕಿಲ್ಲ.

ಬೇಕೆಂದೇ ಇಡುವ ವಿಷ

ಮುತ್ತತ್ತಿ ಕಾಡಿನ ಅಂಚಿರುವ ಮಳವಳ್ಳಿಯ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ, ಅವರೆ, ನೆಲಗಡಲೆಗೆ ನವಿಲಿನ ಕಾಟ ನಿಜ. ಬಿತ್ತಿದ ಕಾಳನ್ನು ಕೆದಕುತ್ತವೆ, ತೆನೆ ಮುರಿಯುತ್ತವೆ. ಬೆಳೆಗಾರನ ನಷ್ಟಕ್ಕೆ ಪರಿಹಾರ ಸಿಗಬೇಕು, ಬೇಗ ಸಿಗಬೇಕು. ಹಾಗೆಂದು ಕಾಳಿಗೆ ಔಷಧಿ ಕಲೆಸಿ ಬದುವಿಗೆ ಚೆಲ್ಲುವುದು ಕೀಟನಾಶಕದ ಬಳಕೆಯೇ ಅಲ್ಲ, ಬೇಟೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ (1972) ಬೇಟೆಯ ಅರ್ಥದೊಳಗೆ ವಿಷವಿಕ್ಕುವುದನ್ನೂ ಹೆಸರಿಸಿ ಸೇರಿಸಿದೆ. ನವಿಲು ಅದರ ಮೊದಲ ಅನುಸೂಚಿಯಲ್ಲಿದೆ, ಶಿಕ್ಷೆ 3 ರಿಂದ 7 ವರ್ಷದ ಸೆರೆ. ಚೆಲ್ಲಿದ ಕಾಳಿಗೆ ಊರಿನ ನಾಟಿಕೋಳಿ, ಪಾರಿವಾಳ, ಗಿಳಿಗಳೂ ಬರುತ್ತವೆ, ಸತ್ತದ್ದನ್ನು ನಾಯಿ ಎಳೆಯುತ್ತದೆ. ಇಲಿಗೆಂದು ಇಡುವ ಜಿಂಕ್ ಫಾಸ್ಫೈಡ್ ಪಾಷಾಣ, ಬ್ರೋಮಾಡಯೋಲೋನ್ ಬಿಲ್ಲೆಗಳು ಕೀಟನಾಶಕಗಳಲ್ಲದಿದ್ದರೂ ಇದೇ ಮಾತಿಗೆ ಸೇರುತ್ತವೆ. ಬ್ರೋಮಾಡಯೋಲೋನ್ ತಿಂದ ಇಲಿ ಸಾಯಲು ದಿನಗಳು ಬೇಕು. ಅಷ್ಟರಲ್ಲಿ ಅದನ್ನು ಹಿಡಿದ ಕಣಜದ ಗೂಬೆಯ ಮೈಗೂ ವಿಷ ಸೇರಿರುತ್ತದೆ. ವರ್ಷಪೂರ್ತಿ ಗದ್ದೆಯ ಇಲಿ ಹಿಡಿಯುವ ಹಕ್ಕಿಯನ್ನು ಕಳೆದುಕೊಂಡ ರೈತನಿಗೆ ಮುಂದಿನ ಬೆಳೆಯಲ್ಲಿ ಇಲಿ ಇನ್ನೂ ಹೆಚ್ಚೇ.

ಔಷಧಿ ಕಡಿಮೆ ಮಾಡಿದ ನಿದರ್ಶನಗಳು

ಟ್ರೈಕೋಗ್ರಾಮ ಎಂಬ ಕಣ್ಣಿಗೆ ಕಾಣದಷ್ಟು ಪುಟ್ಟ ಕಣಜ ಕಬ್ಬಿನ ಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಟ್ಟು ಅದನ್ನು ಮುಗಿಸುತ್ತದೆ. ಅದನ್ನು ಸಾಕಿ ಹೊಲಕ್ಕೆ ಬಿಡುವ ಪ್ರಯೋಗವನ್ನು ಮೈಸೂರು ಸಂಸ್ಥಾನದ ಕೀಟಶಾಸ್ತ್ರಜ್ಞ ಟಿ.ವಿ. ಸುಬ್ರಹ್ಮಣ್ಯಂ 1930ರ ದಶಕದಲ್ಲೇ ನಡೆಸಿದ್ದರು. ಡಿಡಿಟಿ ಬರುವ ಮೊದಲೇ ಈ ನಾಡಿಗೆ ಬೇರೆ ದಾರಿ ಗೊತ್ತಿತ್ತು. 2002ರ ಹೊತ್ತಿಗೆ ಮಹಾರಾಷ್ಟ್ರ, ಕರ್ನಾಟಕದ ಕಬ್ಬಿಗೆ ಬಿಳಿ ಉಣ್ಣೆಹೇನು ಬಿದ್ದು ಎಲೆಯಡಿಯೆಲ್ಲ ಹತ್ತಿ ಮೆತ್ತಿದಂತೆ ಆದಾಗ ಮೊದಲು ನಡೆದದ್ದು ಔಷಧಿಯ ಸುರಿಮಳೆ. ಆಳೆತ್ತರದ ಕಬ್ಬಿನೊಳಗೆ ನುಗ್ಗಿ ಸಿಂಪಡಿಸುವುದೇ ಕಷ್ಟ. ಹೇನು ಹತೋಟಿಗೆ ಬಂದದ್ದು ಡೈಫಾ ಎಂಬ ಪತಂಗದ ಮರಿಹುಳುವೂ ಮೈಕ್ರೋಮಸ್ ಎಂಬ ಕೀಟವೂ ಹೇನನ್ನು ತಿಂದು ಹೆಚ್ಚಿದ ಮೇಲೆ. ಕಂದು ಜಿಗಿಹುಳು ಇನ್ನೊಂದು ಪಾಠ. ಔಷಧಿ ಜಾಸ್ತಿಯಾದಷ್ಟೂ ಜೇಡ ಮುಂತಾದ ಶತ್ರುಗಳು ಸತ್ತು ಜಿಗಿಹುಳುವೇ ಹೆಚ್ಚುತ್ತದೆ ಎಂದು ಕಂಡುಕೊಂಡ ಇಂಡೋನೇಷ್ಯಾ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನು ಒಮ್ಮೆಗೇ ನಿಷೇಧಿಸಿತು. ಯೂರಿಯಾ ಹಿಡಿತದಲ್ಲಿಟ್ಟು, ಸಾಲು ಬಿಟ್ಟು ನಾಟಿ ಹಾಕಿ, ಜಿಗಿಹುಳು ಕಂಡಾಗ ಗದ್ದೆಯ ನೀರು ಬಸಿದರೆ ಅರ್ಧ ಕೆಲಸ ಮುಗಿದಂತೆ.

ಮಂಡ್ಯ ಸೀಮೆಯಲ್ಲಿ ಔಷಧಿಗೆ ಅಂಜುವ ಬೆಳೆಗಾರರ ಒಂದು ದೊಡ್ಡ ವರ್ಗ ಈಗಲೂ ಇದೆ, ರೇಷ್ಮೆಯವರು. ಮದ್ದೂರು, ಮಳವಳ್ಳಿ ರೇಷ್ಮೆಗೆ ಹೆಸರಾದ ತಾಲ್ಲೂಕುಗಳು. ಸೊಪ್ಪಿನಲ್ಲಿ ಒಂದಿಷ್ಟು ವಿಷ ಉಳಿದರೂ ಚಂದ್ರಿಕೆ ಏರಬೇಕಾದ ಹುಳು ತಟ್ಟೆಯಲ್ಲೇ ಸಾಯುತ್ತದೆ, ಪಕ್ಕದ ಗದ್ದೆಯಿಂದ ಗಾಳಿಗೆ ತೇಲಿಬಂದ ಸಿಂಪಡಣೆಯೂ ಸಾಕು. ಆದ್ದರಿಂದ ಹಿಪ್ಪುನೇರಳೆ ತೋಟದ ಸುತ್ತ ಎಲ್ಲರೂ ಕೈ ಬಿಗಿಹಿಡಿಯುತ್ತಾರೆ. ರೇಷ್ಮೆಹುಳುವಿಗಾಗಿ ಸಾಧ್ಯವಾದ ಎಚ್ಚರ ಕೆರೆಯಂಚಿಗೂ ಸಾಧ್ಯವಿದೆ: ಕೆರೆ, ಹಳ್ಳ, ನದಿಯಿಂದ ಒಂದಷ್ಟು ದೂರ ಔಷಧಿ ಬೇಡ, ಒಟ್ಟಲಿಗೆ ಹರಳು ಬೇಡ.

ಹುಳು ತಿನ್ನುವ ಹಕ್ಕಿಯನ್ನು ಹೊಲಕ್ಕೆ ಕರೆಯುವ ರೂಢಿ ಕನ್ನಡ ನಾಡಿನಲ್ಲೇ ಇದೆ. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯ ದಿನ ಹೊಲದ ತುಂಬ ಚರಗ ಚೆಲ್ಲುತ್ತಾರೆ. ಅನ್ನಕ್ಕೆ ಬಂದ ಹಕ್ಕಿ ಕಾಯಿಕೊರಕವನ್ನೂ ಹೆಕ್ಕುತ್ತದೆ. ಅವರೆ, ತೊಗರಿ ಹೊಲದಲ್ಲಿ ಎಕರೆಗೆ ಎಂಟು ಹತ್ತು ಕವಲುಕಡ್ಡಿ ನೆಟ್ಟರೆ ಕಾಜಾಣ, ನೀಲಕಂಠಗಳು ಅದರ ಮೇಲೆ ಕೂತು ಹುಳು ಹಿಡಿಯುತ್ತವೆ. ಉಳುಮೆಯ ಟಿಲ್ಲರ್ ಹಿಂದೆ ಸಾಲಾಗಿ ನಡೆಯುವ ಬೆಳ್ಳಕ್ಕಿಗಳು ಎಬ್ಬಿಸಿದ ಮಣ್ಣಿನಿಂದ ಗೊಣ್ಣೆಹುಳುಗಳನ್ನು ಒಂದೊಂದಾಗಿ ಎತ್ತುವುದನ್ನು ಮಂಡ್ಯದ ಯಾವ ರೈತನೂ ಕಂಡಿರುತ್ತಾನೆ. ಅಂಥ ದಿನ ಆ ಗದ್ದೆಗೆ ಹರಳು ಎರಚಬಾರದು ಎನ್ನುವುದಕ್ಕೆ ಬೇರೆ ಶಿಫಾರಸು ಬೇಕಾಗಿಲ್ಲ.

ಗದ್ದೆಯಲ್ಲೋ ಕೆರೆಯ ದಂಡೆಯಲ್ಲೋ ಹಕ್ಕಿಗಳು ಗುಂಪಾಗಿ ಸತ್ತಿರುವುದನ್ನು ಕಂಡವರು ಬರಿಗೈಯಲ್ಲಿ ಮುಟ್ಟಬಾರದು, ಹೂಳಬಾರದು, ಸುಡಬಾರದು. ಜಾಗ, ದಿನ, ಹತ್ತಿರದ ಬೆಳೆ, ಹೊಡೆದಿದ್ದರೆ ಔಷಧಿಯ ಹೆಸರು ಬರೆದುಕೊಂಡು, ಹೆಣಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಮಂಜುಗಡ್ಡೆಯಲ್ಲಿಟ್ಟು ಅರಣ್ಯ ಇಲಾಖೆಯ ವಲಯ ಕಚೇರಿಗೂ ಹತ್ತಿರದ ಪಶು ಆಸ್ಪತ್ರೆಗೂ ಅದೇ ದಿನ ತಿಳಿಸಬೇಕು.